ಬಡ್ಡಿಯಿಲ್ಲದ ಬ್ಯಾಂಕು ನಮ್ಮ ದೇಶಕ್ಕೆ ಬೇಕಾ?

ಭಾರತದ ಬ್ಯಾಂಕುಗಳಲ್ಲಿ ಇಸ್ಲಾಮಿನ ನಿಯಮದಂತೆ ನಡೆಯುವ ಬಡ್ಡಿರಹಿತ ಕೌಂಟರ್ ಇರಬೇಕೆ? ಪ್ರಶ್ನೆ ಹಳೆಯದು. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬರಲಿ ಎಂದಿತು. 2015ರಲ್ಲಿ ದೀಪಕ್ ಮೊಹಾಂತಿ ಸಮಿತಿ, ಸಾಮಾನ್ಯ ಬ್ಯಾಂಕುಗಳೊಳಗೇ ಇಂಥ ಕೌಂಟರ್ ತೆರೆಯಬಹುದು ಎಂದಿತು. 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ ರಿಸರ್ವ್ ಬ್ಯಾಂಕು, ಇದನ್ನು ಮುಂದುವರಿಸುವುದಿಲ್ಲ ಎಂದು ಹೇಳಿ ಮುಗಿಸಿತು. ಬ್ಯಾಂಕ್ ಸೇವೆ ಪಡೆಯಲು ಎಲ್ಲ ನಾಗರಿಕರಿಗೂ ಸಮಾನ ಅವಕಾಶ ಇದೆ ಎನ್ನುವುದು ಅದು ಕೊಟ್ಟ ಕಾರಣ. ಕೆಳಗಿನ ಎರಡೂ ವಾದಗಳು ಮುಸ್ಲಿಮರ ಒಳಗಿನವೇ.

ಪರ: ಬಾಗಿಲು ತೆರೆದಿದ್ದರೆ ಸಾಕೇ?

ಸಮಾನ ಅವಕಾಶ ಇದೆ, ಸರಿ. ಊರಲ್ಲಿ ಬಿರಿಯಾನಿ ಹೋಟೆಲು ಮಾತ್ರ ಇದೆ ಅಂದುಕೊಳ್ಳಿ. ಸಸ್ಯಾಹಾರಿಯ ಹತ್ತಿರ ಹೋಗಿ, 'ಬಾಗಿಲು ಎಲ್ಲರಿಗೂ ತೆರೆದಿದೆಯಲ್ಲ' ಅಂದರೆ ಅವನು ಏನು ಹೇಳಬೇಕು?

ಕುರಾನಿನ ಎರಡನೇ ಅಧ್ಯಾಯದ 275ನೇ ವಚನ ವ್ಯಾಪಾರವನ್ನು ಒಪ್ಪುತ್ತದೆ, ಬಡ್ಡಿಯನ್ನು ನಿಷೇಧಿಸುತ್ತದೆ. ನಂಬಿದವರು ಇದನ್ನು ಹೇಗೋ ಸಂಭಾಳಿಸಿಕೊಂಡು ಬಂದಿದ್ದಾರೆ. ಉಳಿತಾಯ ಖಾತೆಗೆ ಬಂದ ಬಡ್ಡಿಯನ್ನು ಲೆಕ್ಕ ಹಾಕಿ ತೆಗೆದು, ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡುವವರಿದ್ದಾರೆ. ಕೆಲವರು ಆ ದುಡ್ಡನ್ನು ಮುಟ್ಟದೆ ಖಾತೆಯಲ್ಲೇ ಬಿಡುತ್ತಾರೆ. ಠೇವಣಿಯ ಕಥೆ ಹೀಗೆ ಮುಗಿಯುತ್ತದೆ. ಸಾಲದ ಕಥೆ ಅಷ್ಟು ಸುಲಭ ಅಲ್ಲ. ಮನೆ ಕಟ್ಟಬೇಕು, ಅಂಗಡಿಗೆ ಮಾಲು ಹಾಕಬೇಕು, ಆಟೋ ತಗೋಬೇಕು. ನಂಬಿಕೆ ಬಿಡಬೇಕು, ಇಲ್ಲವೇ ಆಟೋ ಬಿಡಬೇಕು.

ಹಾಗಂತ ಇಸ್ಲಾಂ ಬಂಡವಾಳದ ಶತ್ರು ಅಲ್ಲ. ಪೈಗಂಬರರು ಸ್ವತಃ ವ್ಯಾಪಾರಿ. ಖದೀಜಾ ಅವರ ಸರಕು ಹೊತ್ತು ಸಿರಿಯಾ ಕಡೆ ಹೋದವರು. ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು, ಬಂದ ಲಾಭದಲ್ಲಿ ಇಬ್ಬರಿಗೂ ಪಾಲು. ಇದನ್ನೇ ಮುದಾರಬಾ ಎನ್ನುತ್ತಾರೆ. ಇಲ್ಲಿ ಸಿಟ್ಟು ಇರುವುದು ಮಾರುಕಟ್ಟೆಯ ಮೇಲಲ್ಲ. ನಷ್ಟಕ್ಕೆ ಹೆಗಲು ಕೊಡದೆ ಲಾಭಕ್ಕೆ ಮಾತ್ರ ಕೈಚಾಚುವ ಹಣದ ಮೇಲೆ. ಮಳೆ ಹೋಗಲಿ, ಬೆಲೆ ಬೀಳಲಿ, ಕಂತು ಮಾತ್ರ ನಿಲ್ಲುವುದಿಲ್ಲ. ಮೀಟರ್ ಬಡ್ಡಿಯ ಕಾಟ, ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳ ಎಷ್ಟು ಜಾಸ್ತಿಯಾಯಿತೆಂದರೆ, 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಾರರೆಲ್ಲ ಮುಸ್ಲಿಮರಾ?

ಸರ್ಕಾರಕ್ಕೂ ಬಡ್ಡಿಯಿಲ್ಲದ ಸಾಲ ಹೊಸದೇನಲ್ಲ. ನಮ್ಮ ಸಹಕಾರ ಸಂಘಗಳಲ್ಲಿ ರೈತರಿಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಸಿಗುತ್ತದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 5 ಲಕ್ಷಕ್ಕೆ ಏರಿಸಿದರು. ಬಡ್ಡಿಯಿಲ್ಲದೆ ಜಗತ್ತು ನಿಂತುಹೋಗುವುದಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಜಾತ್ಯತೀತತೆ. ಈ ಮಾತು ಬಂದ ಕೂಡಲೇ ಮುಸ್ಲಿಮರ ಕೋರಿಕೆ ಮಾತ್ರ ಯಾಕೆ ಎದ್ದು ಕಾಣುತ್ತದೋ ತಿಳಿಯದು. ಆದಾಯ ತೆರಿಗೆಯಲ್ಲಿ 'ಹಿಂದೂ ಅವಿಭಕ್ತ ಕುಟುಂಬ' ಎನ್ನುವ ಪ್ರತ್ಯೇಕ ವರ್ಗವೇ ಇದೆ. ದೇವಸ್ಥಾನಗಳನ್ನು ನೋಡಿಕೊಳ್ಳಲು ಮುಜರಾಯಿ ಇಲಾಖೆ ಇದೆ. ತಿಂಡಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಕಾನೂನಿನ ಕಡ್ಡಾಯ. ತಿನ್ನುವವನ ನಂಬಿಕೆಗೆ ಕೊಟ್ಟ ಗೌರವ ಅದು, ಒಳ್ಳೆಯದೇ. ಕೇರಳದಲ್ಲಿ ಅಲ್ ಬರಕಾ ಎನ್ನುವ ಹಣಕಾಸು ಕಂಪನಿಯಲ್ಲಿ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ಪಾಲು ತೆಗೆದುಕೊಳ್ಳಲು ಹೊರಟಾಗ, ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಬ್ರಮಣಿಯನ್ ಸ್ವಾಮಿ ಹೈಕೋರ್ಟಿಗೆ ಹೋದರು. 2011ರಲ್ಲಿ ಕೋರ್ಟು ಅರ್ಜಿಯನ್ನು ವಜಾ ಮಾಡಿತು.

ಬ್ರಿಟನ್ನನ್ನು ನೋಡಿ. ಬಡ್ಡಿರಹಿತ ಮನೆ ಸಾಲದಲ್ಲಿ ಬ್ಯಾಂಕು ಮೊದಲು ಮನೆ ಕೊಂಡು ಆಮೇಲೆ ಗ್ರಾಹಕನಿಗೆ ಮಾರುತ್ತದೆ. ಹೀಗಾಗಿ ಎರಡು ಸಲ ಸ್ಟ್ಯಾಂಪ್ ಶುಲ್ಕ ಬೀಳುತ್ತಿತ್ತು. 2003ರಲ್ಲಿ ಸರ್ಕಾರ ಕಾನೂನು ತಿದ್ದಿ ಆ ಹೊರೆ ತೆಗೆಯಿತು. ಮರುವರ್ಷ ಅಲ್ಲಿ ಇಸ್ಲಾಮಿಕ್ ಬ್ಯಾಂಕೇ ಶುರುವಾಯಿತು. ನಮ್ಮಲ್ಲಿ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ಬ್ಯಾಂಕು ಸರಕು ಕೊಂಡು ಮಾರುವಂತಿಲ್ಲ. ತಿದ್ದಬೇಕಾಗಿರುವುದು ಮುಖ್ಯವಾಗಿ ಅದನ್ನೇ.

ತಿದ್ದದೆ ಬಿಟ್ಟರೆ ಏನಾಗುತ್ತದೆ ಎಂದು ಬೆಂಗಳೂರು ನೋಡಿದೆ. 2019ರ ಜೂನ್‌ನಲ್ಲಿ ಐಎಂಎ ಎನ್ನುವ ಹೂಡಿಕೆ ಕಂಪನಿ ಬಾಗಿಲು ಹಾಕಿತು. 'ಹಲಾಲ್ ಹೂಡಿಕೆ' ಎಂದು ನಂಬಿ ದುಡ್ಡು ಕೊಟ್ಟವರು ಶಿವಾಜಿನಗರದಲ್ಲಿ ಬೀದಿಗೆ ಬಂದರು. ಮಗಳ ಮದುವೆಯ ದುಡ್ಡು, ಗಲ್ಫಿನ ದುಡಿಮೆ, ನಿವೃತ್ತಿಯ ಇಡಿಗಂಟು ಎಲ್ಲ ಅದರಲ್ಲಿತ್ತು. ರಿಸರ್ವ್ ಬ್ಯಾಂಕಿನ ಕಣ್ಣಡಿಯಲ್ಲಿ ಒಂದು ಬಡ್ಡಿರಹಿತ ಕೌಂಟರ್ ಇದ್ದಿದ್ದರೆ, ಅವರಲ್ಲಿ ಬಹಳ ಜನ ಅಲ್ಲಿಗೇ ಹೋಗುತ್ತಿದ್ದರು.

ವಿರೋಧ: ಷರಿಯಾ ಮಂಡಳಿಯನ್ನು ನೇಮಿಸುವವರು ಯಾರು?

ಈ ಕೌಂಟರ್ ತೆರೆದ ದಿನವೇ ಒಂದು ಷರಿಯಾ ಮಂಡಳಿ ಬೇಕು. ಯಾವ ಸಾಲ ಹಲಾಲ್, ಯಾವುದು ಅಲ್ಲ ಎಂದು ಹೇಳುವವರು ಅವರು. ಸ್ಟೇಟ್ ಬ್ಯಾಂಕು, ಕೆನರಾ ಬ್ಯಾಂಕು ಎಲ್ಲ ಸರ್ಕಾರದವು. ಹಾಗಾದರೆ ಯಾವ ಮೌಲಾನಾ ಸರಿ ಎಂದು ಆರಿಸುವುದೂ ಕೊನೆಗೆ ಸರ್ಕಾರವೇ. ಯಾವ ಪಂಥದವರು: ದೇವಬಂದಿಯೋ, ಬರೇಲ್ವಿಯೋ, ಅಹ್ಲೆ ಹದೀಸೋ, ಶಿಯಾನೋ? ನನ್ನ ದೀನನ್ನು, ಅಂದರೆ ಧರ್ಮವನ್ನು, ಹಣಕಾಸು ಇಲಾಖೆಯ ಅಧಿಕಾರಿ ತೀರ್ಮಾನ ಮಾಡುವುದು ನನಗೆ ಬೇಡ. ಹಸಿರು ಚುಕ್ಕೆಯ ಮಾತು ಚೆನ್ನಾಗಿದೆ. ಆದರೆ ಪೊಟ್ಟಣದಲ್ಲಿ ಮಾಂಸ ಇದೆಯೋ ಇಲ್ಲವೋ ಎಂದು ಪ್ರಯೋಗಾಲಯ ಹೇಳುತ್ತದೆ, ಅದಕ್ಕೆ ಪುರೋಹಿತರು ಬೇಕಾಗಿಲ್ಲ.

ಬಡ್ಡಿ ಎಂದರೆ ಏನು ಎನ್ನುವುದರಲ್ಲೇ ಮುಸ್ಲಿಮರಲ್ಲಿ ಒಮ್ಮತ ಇಲ್ಲ, ಹಿಂದೆಯೂ ಇರಲಿಲ್ಲ. 16ನೇ ಶತಮಾನದ ಆಟೊಮನ್ ಸಾಮ್ರಾಜ್ಯದಲ್ಲಿ ನಗದಿನ ವಕ್ಫ್‌ಗಳಿದ್ದವು. ದಾನಿಯೊಬ್ಬ ಇಷ್ಟು ಹಣ ಎಂದು ಇಟ್ಟರೆ, ಅದನ್ನು ಸಾಲ ಕೊಟ್ಟು ಬಂದ ಹೆಚ್ಚುವರಿಯಲ್ಲಿ ಮಸೀದಿ, ಶಾಲೆ ನಡೆಸುತ್ತಿದ್ದರು. ಸುಲ್ತಾನ್ ಸುಲೇಮಾನನ ಕಾಲದ ಶೇಖುಲ್ ಇಸ್ಲಾಂ, ಅಂದರೆ ಸಾಮ್ರಾಜ್ಯದ ಮುಖ್ಯ ಮುಫ್ತಿ, ಎಬುಸ್ಸೂದ್ ಅದನ್ನು ಒಪ್ಪಿದರು. ನಿಲ್ಲಿಸಿದರೆ ಎಷ್ಟೋ ಧರ್ಮಕಾರ್ಯ ಬೀಳುತ್ತದೆ ಎನ್ನುವುದು ಅವರ ಚಿಂತೆ. ಬಿರ್ಗಿವಿ ಎನ್ನುವ ಇನ್ನೊಬ್ಬ ಪಂಡಿತರು ಇದು ಹರಾಮ್ ಎಂದು ಜಗಳಕ್ಕೇ ನಿಂತರು. ಇಬ್ಬರೂ ಕುರಾನು ಓದಿದವರೇ. ನಮ್ಮ ಕಾಲಕ್ಕೆ ಬಂದರೆ, 1989ರಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ತಂತಾವಿ ಸರ್ಕಾರಿ ಉಳಿತಾಯ ಪತ್ರಗಳ ಮೇಲಿನ ಆದಾಯ ತಪ್ಪಲ್ಲ ಎಂದು ಫತ್ವಾ ಕೊಟ್ಟರು. ಈಗಿನ ಪಾಕಿಸ್ತಾನದಲ್ಲಿ ಹುಟ್ಟಿದ ವಿದ್ವಾಂಸ ಫಜ್ಲುರ್ ರಹಮಾನ್, ಕುರಾನು ಸಿಟ್ಟಾಗಿರುವುದು ಸಾಲವನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಸುಲಿಗೆಯ ಮೇಲೆ ಎಂದರು. ಮೂರನೇ ಅಧ್ಯಾಯದ 130ನೇ ವಚನದಲ್ಲಿ 'ದುಪ್ಪಟ್ಟು, ಮತ್ತೆ ದುಪ್ಪಟ್ಟು' ಎನ್ನುವ ಅರ್ಥದ ಮಾತೇ ಇದೆ. ಇಷ್ಟು ದೊಡ್ಡ ಚರ್ಚೆಯನ್ನು ಒಂದು ಕೌಂಟರ್ ಒಂದೇ ಫಲಕದಲ್ಲಿ ಮುಗಿಸಿಬಿಡುತ್ತದೆ. ಪಕ್ಕದ ಕೌಂಟರಿಗೆ ಹೋದ ಮುಸ್ಲಿಮ ಆವತ್ತಿನಿಂದ ಕಡಿಮೆ ಮುಸ್ಲಿಮ.

ಆ ಕೌಂಟರಿನೊಳಗೆ ನಡೆಯುವುದಾದರೂ ಏನು? ಬೇರೆ ದೇಶಗಳ ಇಸ್ಲಾಮಿಕ್ ಬ್ಯಾಂಕುಗಳಲ್ಲಿ ಲಾಭ-ನಷ್ಟ ಹಂಚಿಕೊಳ್ಳುವ ಸಾಲ ಕಡಿಮೆ. ಜಾಸ್ತಿ ನಡೆಯುವುದು ಮುರಾಬಹಾ. 10 ಲಕ್ಷದ ಟ್ರ್ಯಾಕ್ಟರನ್ನು ಬ್ಯಾಂಕು ಕೊಂಡು, 13 ಲಕ್ಷಕ್ಕೆ ನಿಮಗೆ ಕಂತಿನಲ್ಲಿ ಮಾರುತ್ತದೆ ಅಂತಿಟ್ಟುಕೊಳ್ಳಿ. ಆ 3 ಲಕ್ಷವನ್ನು ಲೆಕ್ಕ ಹಾಕುವುದು ಮಾರುಕಟ್ಟೆಯ ಬಡ್ಡಿ ದರ ನೋಡಿಕೊಂಡೇ. ಮಳೆ ಹೋದರೂ ಕಂತು ನಿಲ್ಲದು ಎಂದು ಪರ ಬರೆದವರು ನೊಂದುಕೊಂಡಿದ್ದಾರಲ್ಲ, ಇಲ್ಲೂ ನಿಲ್ಲುವುದಿಲ್ಲ. ಕೈಗೆ ನಗದೇ ಬೇಕಾದವರಿಗಾಗಿ ಲೋಹವನ್ನು ಕಾಗದದ ಮೇಲೆ ಕೊಂಡು ಮಾರುವ ತವರ್ರುಕ್ ಎಂಬ ಆಟ ಬೇರೆ. 2009ರಲ್ಲಿ ಇಸ್ಲಾಮಿಕ್ ಕಾನೂನಿನ ಪಂಡಿತರ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿಯೇ ಬ್ಯಾಂಕುಗಳು ನಡೆಸುವ ಈ ವ್ಯವಹಾರ ಸಲ್ಲದು ಎಂದಿತು. ಬಂಡವಾಳಶಾಹಿಗೆ ಗಡ್ಡ ಬಿಡಿಸಿದರೆ ಅದು ಇಸ್ಲಾಂ ಆಗಿಬಿಡುತ್ತಾ?

ಠೇವಣಿದಾರನ ಪಾಡೂ ನೋಡಬೇಕು. ಇವತ್ತು ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ನಷ್ಟದಲ್ಲೂ ಪಾಲು ಎಂದು ಒಪ್ಪಿ ದುಡ್ಡು ಇಟ್ಟವರಿಗೆ ಆ ವಿಮೆ ಹೇಗೆ ಅನ್ವಯಿಸುತ್ತದೆ? ಅಸಲಿಗೆ ಖಾತರಿ ಕೊಟ್ಟರೆ ಹಂಚಿಕೆ ಎನ್ನುವ ಮಾತು ಸುಳ್ಳು. ಕೊಡದಿದ್ದರೆ ಮನೆಗೆಲಸದ ಹೆಂಗಸಿನ ಉಳಿತಾಯ ಗಾಳಿಗೆ. ಲಾಭ-ನಷ್ಟ ಎರಡಕ್ಕೂ ತಯಾರಿರುವವರಿಗೆ ಷೇರು ಪೇಟೆ ಇದ್ದೇ ಇದೆ. ಟಾಟಾ ಎಥಿಕಲ್ ಫಂಡ್ ಷರಿಯಾ ನಿಯಮದಂತೆ ಷೇರು ಆರಿಸುತ್ತದೆ, ಯಾವ ಕಾನೂನೂ ಅಡ್ಡ ಬಂದಿಲ್ಲ.

ಐಎಂಎ ವಿಷಯದಲ್ಲಿ ನಾನು ಓದುವ ಪಾಠ ಬೇರೆ. ಜನ ಅಲ್ಲಿ ಮೋಸಹೋಗಿದ್ದು ಬ್ಯಾಂಕು ಇರಲಿಲ್ಲ ಎಂದಲ್ಲ. ತಿಂಗಳು ತಿಂಗಳು ಇಷ್ಟೊಂದು ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಬೇಕಾದ ಬಾಯಿಯನ್ನು 'ಹಲಾಲ್' ಎನ್ನುವ ಪದ ಮುಚ್ಚಿಸಿತ್ತು. ಆ ಪದಕ್ಕೆ ಸರ್ಕಾರಿ ಮೊಹರು ಬಿದ್ದರೆ ಪ್ರಶ್ನೆ ಕೇಳುವವರು ಇನ್ನೂ ಕಡಿಮೆಯಾಗುತ್ತಾರೆ.

ಅವಿಭಕ್ತ ಕುಟುಂಬದ ತೆರಿಗೆ ಸವಲತ್ತು ತಪ್ಪು ಎಂದರೆ ತೆಗೆಯಿರಿ ಅನ್ನೋಣ, ನಮಗೂ ಒಂದು ಕೊಡಿ ಅನ್ನುವುದು ಬೇಡ. 2022ರಲ್ಲಿ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸದ ಹೆಸರಲ್ಲಿ ಇದೇ ರಾಜ್ಯದಲ್ಲಿ ಎಷ್ಟು ರಾದ್ಧಾಂತ ಆಯಿತು ಎಂದು ನೆನಪಿದೆ ಅಲ್ವಾ? ಅಂಥ ಊರಿನ ಬ್ಯಾಂಕಿನಲ್ಲಿ ಮುಸ್ಲಿಮರಿಗೆಂದು ಪ್ರತ್ಯೇಕ ಸಾಲು ನಿಲ್ಲಿಸುವುದು ಅವರಿಗೆ ಮಾಡುವ ಉಪಕಾರ ಅಂತ ನನಗನ್ನಿಸುವುದಿಲ್ಲ.

ಶೂನ್ಯ ಬಡ್ಡಿಯ ಬೆಳೆ ಸಾಲದ ಉದಾಹರಣೆ ನನ್ನ ಕಡೆಯದು. ಮೊದಲನೆಯದಾಗಿ ಅಲ್ಲಿ ಬಡ್ಡಿ ಮಾಯವಾಗಿಲ್ಲ, ರೈತನ ಬದಲು ಸರ್ಕಾರ ಕಟ್ಟುತ್ತದೆ. ಎರಡನೆಯದು, ಅದು ರೈತನಿಗೆ ರೈತ ಎಂದು ಸಿಗುವ ಸಾಲ. ಅವನು ಯಾವ ದೇವರಿಗೆ ಕೈಮುಗಿಯುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಅಂಗಡಿಯವರಿಗೂ, ಆಟೋದವರಿಗೂ ಇಂಥದ್ದನ್ನು ಕೇಳೋಣ. ಬಡ್ಡಿ ಮುಟ್ಟಲು ಮನಸ್ಸಿಲ್ಲದವರಿಗೆ ಉಳಿತಾಯ ಖಾತೆಯ ಅರ್ಜಿಯಲ್ಲಿ ಒಂದು ಚೌಕ ಇರಲಿ: 'ನನಗೆ ಬಡ್ಡಿ ಬೇಡ'. ಯಾಕೆ ಬೇಡ ಎಂದು ಬರೆಯುವ ಜಾಗ ಅದರಲ್ಲಿ ಇರಬಾರದು.