ಕಾಲಿನ ವೆರಿಕೋಸ್ ವೇನ್ಸ್: ಕೈಯಲ್ಲಿ ಕಲಸಿದ ನೊರೆ ಸಾಕೇ?

ಕಾಲಿನಲ್ಲಿ ಉಬ್ಬಿ ಸುರುಳಿಗಟ್ಟಿದ ರಕ್ತನಾಳಕ್ಕೆ (ವೆರಿಕೋಸ್ ವೇನ್) ಔಷಧದ ನೊರೆ ಚುಚ್ಚಿ ಮುಚ್ಚಿಸುವುದು ಒಂದು ಚಿಕಿತ್ಸೆ. ಆ ನೊರೆಯನ್ನು ವೈದ್ಯರು ಕೈಯಲ್ಲೇ ಕಲಸಬಹುದು, ಇಲ್ಲವೇ ಕಂಪನಿಯ ಸಿದ್ಧ ಡಬ್ಬಿಯಿಂದ ತೆಗೆಯಬಹುದು.

ಪರ: ಧಾರಾಳವಾಗಿ ಸಾಕು

ಎರಡು ಸಿರಿಂಜ್, ನಡುವೆ ಅವನ್ನು ಜೋಡಿಸುವ ಒಂದು ತ್ರೀ-ವೇ ನಲ್ಲಿ. ಒಂದರಲ್ಲಿ 1 ಮಿ.ಲೀ. ಪಾಲಿಡೊಕನಾಲ್ (ನಾಳ ಮುಚ್ಚಿಸುವ ಔಷಧ), ಇನ್ನೊಂದರಲ್ಲಿ 4 ಮಿ.ಲೀ. ಗಾಳಿ. ಅತ್ತಿಂದಿತ್ತ 20 ಸಲ ರಭಸವಾಗಿ ತಳ್ಳಿದರೆ ಬೆಳ್ಳನೆ ನೊರೆ ಸಿದ್ಧ. ಟೆಸ್ಸಾರಿ ವಿಧಾನವೆಂದರೆ ಇಷ್ಟೇ.

ಬರೀ ದ್ರವವನ್ನು ಚುಚ್ಚಿದರೆ ರಕ್ತದಲ್ಲಿ ಕಲೆತು ತೆಳುವಾಗುತ್ತದೆ. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನಾಳದ ಒಳಗೋಡೆಗೆ ಅಂಟುತ್ತದೆ, ಒಳಪದರವನ್ನು ಸುಡುತ್ತದೆ. ಎಷ್ಟು ಸುಡಬೇಕೆಂಬುದು ನಾಳದ ಅಗಲಕ್ಕೆ ಬಿಟ್ಟದ್ದು. 8 ಮಿ.ಮೀ. ದಾಟಿದ ಸಫೀನಸ್ ನಾಳಕ್ಕೆ (ಕಾಲಿನ ಚರ್ಮದಡಿಯ ಮುಖ್ಯ ನಾಳ) 3%, ತೊಡೆ-ಮೀನಖಂಡದ ಕವಲುಗಳಿಗೆ 1 ಅಥವಾ 2%, ಚರ್ಮದಡಿಯ ನೀಲಿ ಬಲೆಗೆ 0.5%. ಡಬ್ಬಿಯ ನೊರೆಗೆ ಗೊತ್ತಿರುವುದು ಒಂದೇ ಸಾಂದ್ರತೆ, 1%. ಎಲ್ಲ ಕಾಲಿಗೂ ಒಂದೇ ಅಳತೆಯ ಚಪ್ಪಲಿ!

ನೊರೆ ಕೆಡುವುದು ಅವಸರದಿಂದಲ್ಲ, ತಡದಿಂದ. ಎರಡೇ ನಿಮಿಷದಲ್ಲಿ ಅರ್ಧಕ್ಕರ್ಧ ಒಡೆದು ದ್ರವವಾಗುತ್ತದೆ. ಆದ್ದರಿಂದ ಮೊದಲು ಸೂಜಿ, ಆಮೇಲೆ ಕಲಸುವುದು. ಸೂಜಿಯ ತುದಿ ನಾಳದೊಳಗಿದೆಯೆಂದು ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಕಂಡ ಮೇಲಷ್ಟೇ ಸಿರಿಂಜಿಗೆ ಕೈಹಾಕಿ, ನಿಮಿಷದೊಳಗೆ ಚುಚ್ಚಿ ಮುಗಿಸಬೇಕು. ಸಿರಿಂಜಿನ ಒಳಗೆ ಸವರಿರುವ ಸಿಲಿಕೋನ್ ಕೂಡ ನೊರೆಯನ್ನು ಬೇಗ ಒಡೆಯುತ್ತದೆ. ಒಂದು ಸಲಕ್ಕೆ ಒಟ್ಟು 10 ಮಿ.ಲೀ. ಮೀರಬಾರದು. ಚುಚ್ಚಿದ ಕೂಡಲೇ ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಆಳದ ನಾಳಕ್ಕೆ ಜಾರಿದ ನೊರೆ ಕೊಚ್ಚಿಹೋಗುತ್ತದೆ.

ಗಾಳಿಯ ಸಾರಜನಕ ರಕ್ತದಲ್ಲಿ ಬೇಗ ಕರಗದು ಎಂದು ಬೆಚ್ಚುವವರು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳಲಿ, ಮುಗಿಯಿತು.

ವಿರೋಧ: ಸಾಲದು, ಕೆಲವರಿಗಾದರೂ

ಮುಗಿಯಲಿಲ್ಲ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಬೇಗ ಕರಗುತ್ತದೆ, ನಿಜ. ಆದರೆ ಅದರ ನೊರೆ ಸಿರಿಂಜಿನಲ್ಲೇ ಇನ್ನೂ ಬೇಗ ಒಡೆಯುತ್ತದೆ. ಡಬ್ಬಿಯ ನೊರೆಯಲ್ಲಿ (ವರಿಥೀನಾ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಒಪ್ಪಿಗೆ ಕೊಟ್ಟಿತು) ಆಮ್ಲಜನಕ 65, ಇಂಗಾಲದ ಡೈಆಕ್ಸೈಡ್ 35 ಪಾಲು, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಗುಳ್ಳೆಗಳೂ ಸಣ್ಣವು, ಒಂದೇ ಗಾತ್ರದವು. ಒಂದು ಚುಚ್ಚಿಗೆ 5, ಒಂದು ಸಲಕ್ಕೆ 15 ಮಿ.ಲೀ. ಎಂಬ ಮಿತಿ ಅದಕ್ಕೂ ಇದೆ.

ಸಾರಜನಕದ ಗುಳ್ಳೆ ಬೇಗ ಕರಗದು. ಹೃದಯದ ಮೇಲಿನ ಕೋಣೆಗಳ ನಡುವಿನ ಕಿಂಡಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅದರಲ್ಲಿ ಗುಳ್ಳೆ ನುಸುಳಿದರೆ ಕಣ್ಣಮುಂದೆ ಮಿಂಚು, ಮೈಗ್ರೇನ್. ಬಲು ಅಪರೂಪಕ್ಕೆ ಪಾರ್ಶ್ವವಾಯು. ಮೈಗ್ರೇನ್ ಇರುವವರನ್ನು ಮೊದಲೇ ಕೇಳಿ ಗುರುತಿಸಬೇಕು. ಡಬ್ಬಿಯ ನೊರೆಯಿಂದ ಇದೆಲ್ಲ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ.

ಸಾಂದ್ರತೆಯ ಮಾತಿಗೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಆದರೆ ಆ 8 ಮಿ.ಮೀ. ನಾಳಕ್ಕೆ ನೊರೆಯೇ ಏಕೆ? ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ನಾಳ ಮುಚ್ಚುವುದನ್ನು ಮೊದಲಿಟ್ಟು, ಅದು ಹೊಂದದಿದ್ದರೆ ನೊರೆ ಎಂದಿತು.

ಇನ್ನು ನಾಳದಲ್ಲಿ ಸಿಕ್ಕಿಬಿದ್ದ ರಕ್ತ ಗಟ್ಟಿಯಾಗಿ ನೋಯುವುದು ಎರಡೂ ಬಗೆಯ ನೊರೆಯಲ್ಲೂ ಇದ್ದದ್ದೇ. ಕೆಲವು ವಾರಗಳಲ್ಲಿ ಸೂಜಿಯಿಂದ ಚುಚ್ಚಿ ಹಿಂಡಿ ತೆಗೆಯದಿದ್ದರೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.