ಎರಡು ಸಾವಿರಕ್ಕೆ ಲೆಕ್ಕ ಕೇಳುವವರು

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಿದ್ದೇ ತಡ, ನಮ್ಮ ನಿವೃತ್ತ ಮೇಷ್ಟ್ರು ಹಾಜರು. ಬೆಲ್ಲ ತೂಗಿಸಿಕೊಳ್ಳುತ್ತಾ, "ಗೃಹಲಕ್ಷ್ಮಿ ದುಡ್ಡು ಬಂತಂತೆ. ಇನ್ನು ವಾರಗಟ್ಟಲೆ ಕೂಲಿಗೆ ಯಾರೂ ಸಿಗಲ್ಲ ಬಿಡಪ್ಪ" ಅಂದರು. ಪಕ್ಕದಲ್ಲೇ ಬುತ್ತಿ ಚೀಲ ಹಿಡಿದು ಕಳೆ ಕೀಳಲು ಹೊರಟ ಹೆಂಗಸು ನಿಂತಿದ್ದಳು. ಅವಳು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಗಿರಾಕಿ ನೋಡಿ. ಆ ಸಿಟ್ಟನ್ನು ಇಲ್ಲಿ ಕಕ್ಕುತ್ತಿದ್ದೇನೆ.

ಸರ್ಕಾರ ಮನೆಯೊಡತಿಗೆ ತಿಂಗಳಿಗೆ ಹಾಕುವ ಆ ಎರಡು ಸಾವಿರ ಎಲ್ಲಿಗೆ ಹೋಗುತ್ತೆ ಅಂತ ನನ್ನ ಸಾಲದ ಪುಸ್ತಕ ಹೇಳುತ್ತೆ. ಮೊದಲು ಹಳೇ ಬಾಕಿ ಚುಕ್ತಾ. ಆಮೇಲೆ ಸಂಘದ ಕಂತು, ಬಿಪಿ ಮಾತ್ರೆ. ಕಾಲು ಕೆಜಿ ಬೇಳೆ ಒಯ್ಯುತ್ತಿದ್ದವರು ಒಂದು ಕೆಜಿ ಕೇಳುತ್ತಾರೆ. ಇಷ್ಟೇ ಸ್ವಾಮಿ ಇವರ ಮೋಜು!

ಕೆಲವರು ಫ್ರಿಜ್ ಕೊಂಡರಂತೆ, ಹೌದು. ಎರಡು ಮೂರು ತಿಂಗಳ ಕಂತು ತಡ ಮಾಡಿ ಒಟ್ಟಿಗೆ ಹಾಕಿದರೆ ಒಟ್ಟಿಗೇ ಖರ್ಚಾಗುತ್ತೆ. ಮೇಷ್ಟ್ರ ಪಿಂಚಣಿಗೆ ತುಟ್ಟಿಭತ್ಯೆ ಏರಿದಾಗ ಏನು ಕೊಂಡಿರಿ ಅಂತ ಯಾರಾದ್ರೂ ಕೇಳಿದರಾ?

ಮಧ್ಯಪ್ರದೇಶದಲ್ಲಿ 2011ರಲ್ಲಿ 'ಸೇವಾ' (SEWA) ಅನ್ನೋ ದುಡಿಯುವ ಹೆಂಗಸರ ಸಂಘಟನೆಯವರು ಯುನಿಸೆಫ್ ನೆರವಿನಿಂದ ಎಂಟು ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಯಾವ ಷರತ್ತೂ ಇಲ್ಲ. ಕುಡಿತ ಜಾಸ್ತಿ ಆಗಲಿಲ್ಲ. ಊಟ ಸುಧಾರಿಸಿತು. ಕೆಲವರು ಕೂಲಿ ಕಡಿಮೆ ಮಾಡಿ ಸ್ವಂತ ಹೊಲದಲ್ಲಿ ದುಡಿದರು. ಅಡಿಕೆ ತೋಟದ ಮೇಷ್ಟ್ರಿಗೆ ಚುಚ್ಚುವುದು ಇದೇ ಇರಬೇಕು. ಕರೆದ ಕೂಡಲೇ, ಕೊಟ್ಟಷ್ಟಕ್ಕೆ ಬರುವವರು ಕಡಿಮೆಯಾದರೆ ಅದಕ್ಕೆ ಸೋಮಾರಿತನ ಅಂತ ಹೆಸರು.

ಐದು ಗ್ಯಾರಂಟಿಗೆ ವರ್ಷಕ್ಕೆ 50,000 ಕೋಟಿ ಮೀರುತ್ತೆ, ರಸ್ತೆಗೆ ದುಡ್ಡೆಲ್ಲಿ ಅಂತೀರಿ. ಸರಿ, ಆ ಲೆಕ್ಕ ಸರ್ಕಾರದ ಹತ್ತಿರ ಕೇಳಿ. ಕಳೆ ಕೀಳುವವಳ ಹತ್ತಿರ ಯಾಕೆ?

ಈಗ ನನ್ನ ತಪ್ಪೊಪ್ಪಿಗೆ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಯೋಜನೆ ಶುರುವಾದಾಗ "ಬಿಟ್ಟಿ ಭಾಗ್ಯ" ಅಂತ ಇಲ್ಲೇ ಬರೆದಿದ್ದೆ. ನೀವೆಲ್ಲ ಲೈಕ್ ಒತ್ತಿದ್ದಿರಿ. ನಿಜ ಏನಂದ್ರೆ, ನಾನು ಜಿಎಸ್‌ಟಿ ಕಟ್ಟುವವನು ಅಂತ ನಮ್ಮನೆಯವಳಿಗೆ ಆ ದುಡ್ಡು ಇಲ್ಲ. ಶುದ್ಧ ಹೊಟ್ಟೆಕಿಚ್ಚು. ಕೊನೆಗೆ ಆ ದುಡ್ಡು ಬಂದು ಬಿದ್ದಿದ್ದು ನನ್ನ ಗಲ್ಲಾಪೆಟ್ಟಿಗೆಗೇ!

ಮೇಷ್ಟ್ರು ಹೋದ ಮೇಲೆ ಆ ಹೆಂಗಸು ಮೆಲ್ಲಗೆ ಅಂದಳು: "ಅಣ್ಣಾ, ನಂಗಿನ್ನೂ ಬಂದಿಲ್ಲ. ಅರ್ಧ ಕೆಜಿ ಬೆಲ್ಲ ಬರ್ಕೊಳ್ಳಿ."