ಎತ್ತರದ ಪಟ್ಟಿಯ ಪಕ್ಕದಲ್ಲಿ ನಿಲ್ಲುವ ಕೆಲಸ

ಥೀಮ್ ಪಾರ್ಕ್‌ನಲ್ಲಿ ರೈಡ್ ಆಪರೇಟರ್ ಎಂದು ಹೇಳಿದ ಕೂಡಲೇ ಬರುವ ಪ್ರಶ್ನೆ ಇದು: ದಿನವಿಡೀ ಅದೇ ರೈಡ್, ಅದೇ ಮಾತು, ಬೇಸರ ಬರುವುದಿಲ್ಲವೇ? ಯಂತ್ರ ಅದೇ, ಒಪ್ಪುತ್ತೇನೆ. ಬೆಲ್ಟ್ ಬಿಗಿಯಾಗಿದೆಯೇ ನೋಡಿಕೊಳ್ಳಿ, ಕೈ ಹೊರಗೆ ಹಾಕಬೇಡಿ, ಮೊಬೈಲ್ ಲಾಕರ್‌ನಲ್ಲಿಡಿ ಎಂಬ ಮಾತುಗಳೂ ಅವೇ. ಆದರೆ ಸೀಟಿನಲ್ಲಿ ಬಂದು ಕೂರುವವರು ಪ್ರತಿ ಸುತ್ತಿಗೂ ಬೇರೆ. ಈ ಕೆಲಸದಲ್ಲಿ ನನಗೆ ಸಿಗುವ ಸಂತೋಷವೆಲ್ಲ ಅವರಿಂದಲೇ ಬಂದದ್ದು. ಅದು ಸಂಬಳದ ಜೊತೆ ತಾನಾಗಿ ಬರುವುದಲ್ಲ, ಸಂಸ್ಥೆ ಆದೇಶ ಹೊರಡಿಸಿ ತರಿಸುವಂಥದ್ದೂ ಅಲ್ಲ. ಎದುರಿಗಿರುವವರನ್ನು ಅರ್ಧ ನಿಮಿಷ ನಿಜವಾಗಿ ಗಮನಿಸಿದರೆ ಮಾತ್ರ ಅದು ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಎತ್ತರ ಅಳೆಯುವ ಪಟ್ಟಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅನೇಕರಿಗೆ ಅಲ್ಲಿ ನಿಲ್ಲುವುದೆಂದರೆ ಆಗದು. ಮಗು ಗೆರೆಗಿಂತ ಎರಡು ಬೆರಳು ಕಡಿಮೆ ಇರುತ್ತದೆ. ಅದು ತುದಿಗಾಲಲ್ಲಿ ನಿಲ್ಲುತ್ತದೆ, ಕತ್ತು ಎಳೆಯುತ್ತದೆ, ತಂದೆ ಅದರ ಕೂದಲನ್ನು ಮೇಲಕ್ಕೆ ಕೆದರುತ್ತಾರೆ. ಆ ಗೆರೆ ಯಾರದೋ ಹಟಕ್ಕೆ ಎಳೆದದ್ದಲ್ಲ. ತೊಡೆಯ ಮೇಲೆ ಬಂದು ಕೂರುವ ಕಂಬಿಯನ್ನು ಒಂದು ಅಳತೆಯ ದೇಹಕ್ಕೆ ತಕ್ಕಂತೆ ಮಾಡಿರುತ್ತಾರೆ. ದೇಹ ಚಿಕ್ಕದಾದರೆ ತಿರುವಿನಲ್ಲಿ ಕಂಬಿಯ ಅಡಿಯಿಂದ ಜಾರಬಹುದು. ನಾನು ಇದನ್ನು ತಂದೆಗೆ ಹೇಳುವುದಿಲ್ಲ. ಮಂಡಿಯೂರಿ ಕುಳಿತು ನೇರವಾಗಿ ಮಗುವಿಗೇ ಹೇಳುತ್ತೇನೆ. ಒಬ್ಬ ಹುಡುಗನಿಗೆ ಖಾಲಿ ಸೀಟಿನ ಕಂಬಿ ಇಳಿಸಿ ತೋರಿಸಿ, "ನೋಡು, ಇದು ನಿನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಈಗ ಇಲ್ಲಿ ಇಷ್ಟು ಜಾಗ ಉಳಿಯುತ್ತದೆ" ಎಂದೆ. ಅವನು ಆ ಜಾಗದಲ್ಲಿ ತನ್ನ ಕೈಯನ್ನು ಮೊಣಕೈವರೆಗೆ ತೂರಿಸಿ ನೋಡಿದ. ಆಮೇಲೆ ಬಹಳ ಗಂಭೀರವಾಗಿ, "ಅಕ್ಕ, ನಾನು ಬೆಳೆಯುವಷ್ಟರಲ್ಲಿ ಇದನ್ನು ತೆಗೆದುಬಿಡುತ್ತೀರಾ?" ಎಂದು ಕೇಳಿದ. ತೆಗೆದರೆ ಇದಕ್ಕಿಂತ ದೊಡ್ಡದನ್ನು ತಂದಿರುತ್ತಾರೆ ಎಂದೆ. ಸರಿ ಎಂದು ತಲೆಯಾಡಿಸಿ, ಹತ್ತಲು ಹೊರಟ ತನ್ನ ಅಕ್ಕನ ಕನ್ನಡಕವನ್ನು ಇಸಿದುಕೊಂಡು, ರೈಡ್ ಮುಗಿಯುವವರೆಗೂ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅಳುವ ಮಗು, ಗದರುವ ದೊಡ್ಡವರು, ಬೇಸತ್ತ ನೌಕರರು ಎಂದು ಮುಗಿಯಬಹುದಾಗಿದ್ದ ಹೊತ್ತು ಅದು. ಕಾರಣವನ್ನು ಕೇಳುವ ಹಕ್ಕು ಮಕ್ಕಳಿಗೂ ಇದೆ. ಅವರು ಅದನ್ನು ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಭಯದ ವಿಷಯವೂ ಹೀಗೆಯೇ. 1884ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ತೆರೆದ ರೈಡ್ ಇಂದಿನ ರೋಲರ್ ಕೋಸ್ಟರ್‌ಗಳ ಹಿರಿಯಜ್ಜ. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ಸೈಕಲ್ ತುಳಿಯುವವರು ಅದನ್ನು ಹಿಂದೆ ಹಾಕಬಹುದು. ಆದರೂ ಜನ ಅದಕ್ಕೆ ಮುಗಿಬಿದ್ದರು. ಅದಕ್ಕೇ ವೇಗ ಒಂದೇ ಜನರನ್ನು ಕರೆತರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆದರಬಹುದು, ಆದರೆ ಕೆಡುಕಾಗದು ಎಂಬ ಭರವಸೆಗೆ ಜನ ಬರುತ್ತಾರೆ. ಆ ಭರವಸೆಯ ಕೊನೆಯ ಕೊಂಡಿ, ಕಂಬಿಯನ್ನು ಎಳೆದು ನೋಡುವ ನನ್ನ ಕೈ.

ಮೊಮ್ಮಕ್ಕಳ ಬಲವಂತಕ್ಕೆ ಹತ್ತಿದ ಒಬ್ಬ ಅಜ್ಜಿ ನನ್ನ ಮಣಿಕಟ್ಟು ಹಿಡಿದು, "ಬೀಳುವುದಿಲ್ಲ ತಾನೇ ಮಗಳೇ?" ಎಂದರು. ಅವರ ಹಿಂದೆ ರೈಡ್‌ನ ರೈಲಿನ ತುಂಬ ಜನ ಹೊರಡಲು ಕಾಯುತ್ತಿದ್ದರು. ನಾನು ಕಂಬಿಯನ್ನು ಮತ್ತೊಮ್ಮೆ, ಅವರಿಗೆ ಕಾಣುವಂತೆ ಎಳೆದು ತೋರಿಸಿದೆ. ಆಮೇಲೆ ಅವರ ಕೈಯಿಂದಲೇ ಎಳೆಸಿದೆ. ಮರಳಿ ಬಂದಾಗ ಅವರ ತುರುಬು ಬಿಚ್ಚಿಹೋಗಿತ್ತು, ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಮೊಮ್ಮಕ್ಕಳನ್ನು ಬಿಟ್ಟು ಮೊದಲು ನನಗೇ ವರದಿ ಒಪ್ಪಿಸಿದರು: ಎಲ್ಲಿ ಕಣ್ಣು ಮುಚ್ಚಿದರು, ಎಲ್ಲಿ ತೆರೆದರು, ಯಾವ ದೇವರನ್ನು ಕರೆದರು ಎಂಬುದನ್ನೆಲ್ಲ. ಇದಕ್ಕೆ ಮನಶ್ಶಾಸ್ತ್ರದಲ್ಲೂ ವಿವರಣೆ ಇದೆ. ಡಾಲ್ಫ್ ಜಿಲ್‌ಮನ್ ಎಂಬ ಸಂಶೋಧಕರ ಸಿದ್ಧಾಂತದ ಪ್ರಕಾರ ಒಂದು ಭಾವದಿಂದ ದೇಹದಲ್ಲಿ ಎದ್ದ ಉದ್ರೇಕ ತಕ್ಷಣ ಇಳಿಯುವುದಿಲ್ಲ. ಅದು ಮುಂದಿನ ಭಾವಕ್ಕೂ ಬಲ ಕೊಡುತ್ತದೆ. ಭಯದಿಂದ ಬಡಿದುಕೊಳ್ಳುತ್ತಿದ್ದ ಎದೆಗೆ ಬಿಡುಗಡೆ ಸಿಕ್ಕಾಗ ಸಂತೋಷ ದುಪ್ಪಟ್ಟಾಗಿ ಕಾಣುವುದು ಹೀಗಿರಬೇಕು.

ಎಲ್ಲ ಭೇಟಿಗಳೂ ಇಷ್ಟು ಮಧುರವಲ್ಲ. ರೈಡ್ ಇದ್ದಕ್ಕಿದ್ದಂತೆ ನಿಂತಾಗ ಸಾಲಿನ ಸಿಟ್ಟೆಲ್ಲ ನಮ್ಮ ಮೇಲೆ ಹರಿಯುತ್ತದೆ. ಹಳಿಯನ್ನು ಭಾಗಗಳಾಗಿ ವಿಂಗಡಿಸಿರುತ್ತಾರೆ, ಒಂದು ಭಾಗದಲ್ಲಿ ಒಂದೇ ರೈಲು ಇರಬೇಕು. ಸೆನ್ಸರ್‌ಗೆ ಸ್ವಲ್ಪ ಅನುಮಾನ ಬಂದರೂ ಹಿಂದಿನದನ್ನು ತಡೆಯುತ್ತದೆ. ಅಂದರೆ ನಿಂತ ರೈಡ್ ಬಹಳ ಸಲ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ರೈಡ್. ಇದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರೆ ಸಾಲಿನ ಮುಖವೇ ಬದಲಾಗುತ್ತದೆ. ಕಾಯುವಿಕೆಯ ಬಗ್ಗೆ ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದದ್ದೂ ಅದನ್ನೇ: ಕಾರಣ ತಿಳಿಯದ, ಎಷ್ಟು ಹೊತ್ತೆಂದು ಗೊತ್ತಿಲ್ಲದ ಕಾಯುವಿಕೆ ಹೆಚ್ಚು ದೀರ್ಘವೆನಿಸುತ್ತದೆ. "ದಯವಿಟ್ಟು ಸಹಕರಿಸಿ" ಎಂದು ಮೈಕಿನಲ್ಲಿ ಹೇಳಿಸುವುದಕ್ಕಿಂತ ಸಾಲಿನ ಪಕ್ಕ ನಡೆದುಹೋಗಿ ಮಾತನಾಡುವುದು ಎಷ್ಟೋ ಮೇಲು. ಮಕ್ಕಳೊಂದಿಗೆ ದಿನಗಟ್ಟಲೆ ಯೋಜನೆ ಹಾಕಿ ಬಂದವರ ಸಿಟ್ಟಿನಲ್ಲಿ ನ್ಯಾಯವಿದೆ.

ಡಿಸ್ನಿಯವರು ತರಬೇತಿಯಲ್ಲಿ ಒಂದು ಪ್ರಶ್ನೆಯನ್ನು ಉದಾಹರಣೆಯಾಗಿ ಕೊಡುತ್ತಾರೆ: "ಮೂರು ಗಂಟೆಯ ಮೆರವಣಿಗೆ ಎಷ್ಟು ಹೊತ್ತಿಗೆ?" ಕೇಳುವವರು ಪೆದ್ದರಲ್ಲ. ಮೆರವಣಿಗೆ ನಾವಿರುವ ಜಾಗಕ್ಕೆ ಯಾವಾಗ ಬರುತ್ತದೆ, ಎಲ್ಲಿ ನಿಂತರೆ ಮಗುವಿಗೆ ಕಾಣುತ್ತದೆ ಎಂಬುದು ಅವರ ಮನಸ್ಸಿನಲ್ಲಿರುವುದು. ಶೌಚಾಲಯ ಎಲ್ಲಿ ಎಂದು ಕೇಳುವ ತಾಯಿಯ ಮುಖ ನೋಡಿದರೆ ದಾರಿ ತೋರಿಸಿದರೆ ಸಾಕೋ, ಜೊತೆಗೆ ನಡೆದುಹೋಗಬೇಕೋ ತಿಳಿಯುತ್ತದೆ. ಪ್ರಶ್ನೆಯ ಹಿಂದಿನ ಪ್ರಶ್ನೆ ಹೊಳೆದಾಗ ಆಗುವ ಖುಷಿಯನ್ನು ನಾನು ಬೇರಾವ ಕೆಲಸದಲ್ಲೂ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಮೇಲಧಿಕಾರಿಗಳಾಗಿರುವವರಿಗೆ ಒಂದು ಮಾತು ಹೇಳಲೇಬೇಕು. 1983ರಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರ ಕೆಲಸವನ್ನು ಅಧ್ಯಯನ ಮಾಡಿ, ಸಂಬಳಕ್ಕಾಗಿ ಭಾವನೆಗಳನ್ನು ತಿದ್ದಿಕೊಳ್ಳುವುದೂ ಒಂದು ದುಡಿಮೆ ಎಂದು ತೋರಿಸಿಕೊಟ್ಟರು. ನಗುವನ್ನು ನಿಯಮ ಮಾಡಿದರೆ ಸಂಜೆಯ ಹೊತ್ತಿಗೆ ಕೆನ್ನೆ ನೋಯುತ್ತದೆ, ಅಷ್ಟೇ. ನಿಲ್ಲುವ ಜಾಗಕ್ಕೆ ನೆರಳು ಕೊಡಿ, ಕುಡಿಯಲು ನೀರು ಕೊಡಿ, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಿಸದೆ ಜಾಗ ಬದಲಿಸಿ, ಬೈಯುವ ಅತಿಥಿಯ ಎದುರಿನಿಂದ ಹಿಂದೆ ಸರಿಯಲು ಅನುಮತಿ ಕೊಡಿ. ದಣಿದ ಕಣ್ಣಿಗೆ ಮಗುವಿನ ಎತ್ತರ ಕಾಣಬಹುದು, ಮಗು ಕಾಣುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ನಾನು ಕೊಡುವ ಸಲಹೆ ಬೇರೆ. ಎಲ್ಲರೂ ಗುಂಡಿ ಒತ್ತುವ ಜಾಗಕ್ಕೆ ಆಸೆಪಡುತ್ತಾರೆ. ನೀವು ಜನ ಇಳಿಯುವ ಕಡೆಯನ್ನು ಕೇಳಿ ಪಡೆಯಿರಿ. ಕಂಬಿ ಮೇಲೇಳುತ್ತಿದ್ದಂತೆ ಅವರಿಗೆ ಯಾರಿಗಾದರೂ ಹೇಳಲೇಬೇಕಾದ ಸುದ್ದಿ ಇರುತ್ತದೆ, ಆಗ ಮೊದಲು ಸಿಗುವವರು ನೀವೇ.